ಮಾನ್‌ಸ್ಟರ್ ಮೊದಲು ರಾಕ್ಷಸನಾಗಿರಲಿಲ್ಲ

ಕ್ರಿ.ಪೂ. 207. ಕಾರ್ತೇಜಿನ ಸೇನಾಪತಿ ಹ್ಯಾನಿಬಲ್ ಇಟಲಿಯೊಳಕ್ಕೆ ನುಗ್ಗಿ ಹತ್ತು ವರ್ಷ ದಾಟಿತ್ತು. ರೋಮನ್ನರಿಗೆ ಅವನನ್ನು ಹೊರಗಟ್ಟಲು ಆಗಿರಲಿಲ್ಲ. ಈಗ ಅವನ ತಮ್ಮ ಹ್ಯಾಸ್ದ್ರುಬಲ್ ಇನ್ನೊಂದು ಸೈನ್ಯ ಕಟ್ಟಿಕೊಂಡು ಆಲ್ಪ್ಸ್ ದಾಟಿ ಬರುತ್ತಿದ್ದಾನೆ ಎಂಬ ಸುದ್ದಿ. ಇಡೀ ನಗರ ಉಸಿರು ಬಿಗಿಹಿಡಿದು ಕೂತಿದ್ದ ಆ ಹೊತ್ತಿನಲ್ಲಿ, ರೋಮಿನ ಆಗ್ನೇಯಕ್ಕಿರುವ ಫ್ರುಸಿನೊ ಎಂಬ ಊರಿನಿಂದ ಇನ್ನೊಂದು ಸುದ್ದಿ ಬಂತು. ಅಲ್ಲೊಂದು ಮಗು ಹುಟ್ಟಿದೆ, ನಾಲ್ಕು ವರ್ಷದ ಮಗುವಿನಷ್ಟು ದೊಡ್ಡದಿದೆ. ಅದಕ್ಕಿಂತ ಹೆಚ್ಚಾಗಿ, ಅದು ಗಂಡೋ ಹೆಣ್ಣೋ ಎಂದು ಹೇಳಲು ಯಾರಿಗೂ ಆಗುತ್ತಿಲ್ಲ.

ಮುಂದೆ ನಡೆದದ್ದನ್ನು ಇತಿಹಾಸಕಾರ ಲಿವಿ ದಾಖಲಿಸಿದ್ದಾನೆ. ಶಕುನ ಓದುವುದರಲ್ಲಿ ಪಳಗಿದ ಪುರೋಹಿತರನ್ನು ಎಟ್ರೂರಿಯಾದಿಂದ ಕರೆಸಿದರು. ಅವರು ಇದು ಹೇಸಿಗೆಯ ಅಪಶಕುನ ಎಂದರು. ಮಗುವನ್ನು ರೋಮಿನ ನೆಲದಿಂದ ಹೊರಗೊಯ್ಯಬೇಕು, ಅದು ಮಣ್ಣು ಮುಟ್ಟದ ಹಾಗೆ ಸಮುದ್ರದಲ್ಲಿ ಮುಳುಗಿಸಬೇಕು ಎಂದು ವಿಧಿಸಿದರು. ಮಗುವನ್ನು ಜೀವಂತವಾಗಿಯೇ ಪೆಟ್ಟಿಗೆಯಲ್ಲಿಟ್ಟು, ದೋಣಿಯಲ್ಲಿ ಕೊಂಡೊಯ್ದು ಕಡಲಿಗೆ ಎಸೆದರು. ಆಮೇಲೆ ಇಪ್ಪತ್ತೇಳು ಕನ್ಯೆಯರು ನಗರದ ಬೀದಿಗಳಲ್ಲಿ ಹಾಡುತ್ತ ನಡೆದರು. ಹಾಡು ಬರೆದವನು ಆ ಕಾಲದ ಹೆಸರಾಂತ ಕವಿ ಲಿವಿಯಸ್.

ಇಂಥ ಜನನಗಳನ್ನು ಸೂಚಿಸಲು ರೋಮನ್ನರಲ್ಲಿ ಹಲವು ಪದಗಳಿದ್ದವು. ಅವುಗಳಲ್ಲೊಂದು ‘ಮೊನ್‌ಸ್ಟ್ರುಮ್’. ಇಂದು ಮಕ್ಕಳ ಕಾರ್ಟೂನಿನಿಂದ ಹಿಡಿದು ಟ್ರಕ್ಕಿನ ಹೆಸರಿನವರೆಗೆ ಎಲ್ಲೆಡೆ ಕೇಳುವ ‘ಮಾನ್‌ಸ್ಟರ್’ ಇದರ ಮರಿಮಗ. ನಾವು ಅದನ್ನು ರಾಕ್ಷಸ ಎಂದೋ ದೈತ್ಯ ಎಂದೋ ಅನುವಾದ ಮಾಡಿಕೊಳ್ಳುತ್ತೇವೆ. ಆದರೆ ಮೂಲದಲ್ಲಿ ಅದು ಒಂದು ಪ್ರಾಣಿಯ ಹೆಸರೂ ಅಲ್ಲ, ಒಂದು ಜಾತಿಯ ಹೆಸರೂ ಅಲ್ಲ. ಅದರ ಅರ್ಥ ‘ಎಚ್ಚರಿಕೆ’.

ಲ್ಯಾಟಿನ್ನಿನಲ್ಲಿ ‘ಮೊನೇರೆ’ ಎಂದರೆ ನೆನಪಿಸು, ಎಚ್ಚರಿಸು. ಅದರಿಂದ ಹುಟ್ಟಿದ್ದು ಮೊನ್‌ಸ್ಟ್ರುಮ್: ಎಚ್ಚರಿಸುವ ಸಾಧನ, ದೇವತೆಗಳು ಕಳಿಸಿದ ಸೂಚನೆ. ಮೊನ್‌ಸ್ಟ್ರುಮಿನಿಂದ ‘ಮೊನ್‌ಸ್ಟ್ರಾರೆ’ ಬಂತು, ಅಂದರೆ ತೋರಿಸು. ಭಾಷಾವಿಜ್ಞಾನಿಗಳು ಇನ್ನೂ ಹಿಂದಕ್ಕೆ ಹೋಗಿ, ಮೊನೇರೆಯ ಬೇರು ‘ಯೋಚಿಸು’ ಎಂಬರ್ಥದ ಇಂಡೋ-ಯುರೋಪಿಯನ್ ಧಾತುವಿನಲ್ಲಿದೆ ಎನ್ನುತ್ತಾರೆ. ಸಂಸ್ಕೃತದ ಮನಸ್ಸು, ಮತಿ, ಮಂತ್ರ ಮೂಡಿದ್ದೂ ಅದೇ ಧಾತುವಿನಿಂದ. ‘ಮಂತ್ರ’ ಎಂದರೆ ಮನನಕ್ಕೆ ಸಾಧನ. ‘ಮೊನ್‌ಸ್ಟ್ರುಮ್’ ಎಂದರೆ ಮನಸ್ಸಿಗೆ ತಂದುಕೊಡುವ ಸಾಧನ. ಎರಡರ ಕೊನೆಯಲ್ಲಿರುವ ಪ್ರತ್ಯಯವೂ ಒಂದೇ ಬಗೆಯದು. ಮಂತ್ರ ಮತ್ತು ಮಾನ್‌ಸ್ಟರ್ ದೂರದ ದಾಯಾದಿಗಳು ಎಂದರೆ ತಮಾಷೆಯಂತೆ ಕೇಳಿಸಬಹುದು, ಆದರೆ ನಿಜ.

ಈ ಕುಟುಂಬದ ಉಳಿದ ಸದಸ್ಯರು ಯುರೋಪಿನ ತುಂಬ ಹರಡಿಕೊಂಡಿದ್ದಾರೆ. ಫ್ರೆಂಚಿನಲ್ಲಿ ‘ಮೊಂತ್ರ್’ ಎಂದರೆ ಕೈಗಡಿಯಾರ, ಹೊತ್ತು ತೋರಿಸುವುದು. ಅಲ್ಲೇ ‘ಮೊಂಸ್ತ್ರ್’ ಎಂದರೆ ಮಾನ್‌ಸ್ಟರ್. ಇಟಲಿಯಲ್ಲಿ ‘ಮೊಸ್ತ್ರ’ ಎಂದರೆ ಪ್ರದರ್ಶನ; ವೆನಿಸ್ ಚಲನಚಿತ್ರೋತ್ಸವದ ಅಧಿಕೃತ ಹೆಸರಿನಲ್ಲೇ ಈ ಪದವಿದೆ. ಕೊನೆಯ ಸ್ವರ ಬದಲಾಗಿ ‘ಮೊಸ್ತ್ರೊ’ ಆದರೆ ಮಾನ್‌ಸ್ಟರ್. ಸ್ಪ್ಯಾನಿಷ್‌ನ ‘ಮುಯೆಸ್ತ್ರ’ ಎಂದರೆ ಮಾದರಿ, ಸ್ಯಾಂಪಲ್. ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಪವಿತ್ರ ರೊಟ್ಟಿಯನ್ನು ಭಕ್ತರಿಗೆ ಕಾಣುವಂತೆ ಇಡುವ ಪಾತ್ರೆ ‘ಮಾನ್‌ಸ್ಟ್ರೆನ್ಸ್’. ಶಾಲೆಯ ಮಾನಿಟರ್, ಅಂಗಡಿಯ ಡೆಮಾನ್‌ಸ್ಟ್ರೇಷನ್ ಇದೇ ಬಳ್ಳಿಯವು. ಸೈನಿಕರನ್ನು ಸಾಲಾಗಿ ನಿಲ್ಲಿಸಿ ತೋರಿಸುವುದಕ್ಕೆ ‘ಮಸ್ಟರ್’ ಎನ್ನುತ್ತಿದ್ದರು. ಆ ಮಾತು ಬ್ರಿಟಿಷರ ಜೊತೆ ನಮ್ಮಲ್ಲಿಗೂ ಬಂದು, ದಿನಗೂಲಿಯವರ ಹಾಜರಿ ಪುಸ್ತಕವಾದ ‘ಮಸ್ಟರ್ ರೋಲ್’ ಆಗಿ ಉಳಿದಿದೆ. ನಾಲೆ ಕೆಲಸದ ಮೇಸ್ತ್ರಿ ಮಸ್ಟರ್ ರೋಲ್ ತುಂಬುವಾಗ ಅವನ ಕೈಯಲ್ಲಿರುವುದು ಮಾನ್‌ಸ್ಟರಿನ ಸೋದರಸಂಬಂಧಿ.

ಲ್ಯಾಟಿನ್ ಬಳಗದ ಆಚೆಗೂ ಒಮ್ಮೆ ಕಣ್ಣಾಡಿಸಬೇಕು. ಗ್ರೀಕರ ‘ತೆರಸ್’ ಎಂಬ ಪದಕ್ಕೂ ಎರಡೂ ಅರ್ಥ: ದೇವರ ಸೂಚನೆ ಮತ್ತು ವಿಕಾರ ಜೀವಿ. ರಷ್ಯನ್ನಿನ ‘ಚುದೋವಿಶ್ಚೆ’ಯ ಒಳಗೆ ‘ಚುದೊ’ ಇದೆ, ಅಂದರೆ ಪವಾಡ. ‘ವಿದುಂಡರ್’ ಎಂಬ ಪದ ಡ್ಯಾನಿಷ್‌ನಲ್ಲಿ ಸೋಜಿಗ, ಸಮುದ್ರದ ಆಚೆ ದಡದ ಸ್ವೀಡಿಷ್‌ನಲ್ಲಿ ಭಯಾನಕ ಜೀವಿ. ಜರ್ಮನರ ದಾರಿ ಬೇರೆ. ಅವರು ನಿರಾಕರಿಸಿ ಹೆಸರಿಡುತ್ತಾರೆ. ‘ಉನ್‌ಟೀರ್’ ಎಂದರೆ ಪ್ರಾಣಿಯಲ್ಲದ್ದು. ‘ಉನ್‌ಗೆಹೊಯರ್’ ಎಂದರೆ ನಮಗೆ ನೆಮ್ಮದಿ ಕೊಡದ್ದು, ಪರಿಚಿತವಲ್ಲದ್ದು. ಹೀಗೆ ಒಂದು ಕಡೆ ಅದು ಏನೋ ಹೇಳುತ್ತಿದೆ ಎನ್ನುವ ಪದಗಳು, ಇನ್ನೊಂದು ಕಡೆ ಅದು ನಮ್ಮದಲ್ಲ ಎನ್ನುವ ಪದಗಳು. ಯುರೋಪಿನ ಮಾನ್‌ಸ್ಟರಿನ ಇತಿಹಾಸವೆಂದರೆ ಬಹುಮಟ್ಟಿಗೆ ಮೊದಲ ಅರ್ಥ ಸವೆದು ಎರಡನೆಯದು ಗಟ್ಟಿಯಾದ ಕಥೆ.

ಹೊಗಳಿಕೆಯ ಎಳೆಯೊಂದೂ ಉಳಿದುಕೊಂಡಿದೆ. 1615ರಲ್ಲಿ ಸೆರ್ವಾಂಟಿಸ್ ತನ್ನ ಪ್ರತಿಸ್ಪರ್ಧಿ ನಾಟಕಕಾರ ಲೋಪೆ ದೆ ವೇಗಾನನ್ನು ಪ್ರಕೃತಿಯ ಮಾನ್‌ಸ್ಟರ್ ಎಂದು ಕರೆದ. ಬೈಗುಳವಲ್ಲ, ಬೆರಗು. ನಮ್ಮಲ್ಲೂ ‘ಕೆಲಸದಲ್ಲಿ ರಾಕ್ಷಸ’ ಎನ್ನುವುದಿಲ್ಲವೇ, ಊಟ ‘ಭಯಂಕರ ಚೆನ್ನಾಗಿದೆ’ ಎನ್ನುವುದಿಲ್ಲವೇ? ಇಂದು ಮೆಚ್ಚುಗೆಗಷ್ಟೇ ಬಳಸುವ ‘ಅದ್ಭುತ’ ಹಳೆಯ ಸಂಸ್ಕೃತ ಗ್ರಂಥಗಳಲ್ಲಿ ಅಪಶಕುನಕ್ಕೂ ಹೆಸರಾಗಿತ್ತು. ಆರನೇ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಉತ್ಪಾತಗಳಿಗೇ ಒಂದು ಅಧ್ಯಾಯವಿದೆ. ಪ್ರಕೃತಿಗಿಂತ ಬೇರೆಯಾಗಿ ನಡೆದದ್ದೆಲ್ಲ ಉತ್ಪಾತ ಎನ್ನುವ ಆತ ವಿಕಾರ ಜನನಗಳನ್ನೂ ಆ ಪಟ್ಟಿಗೆ ಸೇರಿಸುತ್ತಾನೆ. ರೋಮಿನವರ ಭಯ ರೋಮಿಗೆ ಮಾತ್ರ ಸೇರಿದ್ದಲ್ಲ.

ಎಚ್ಚರಿಕೆ ಎಂದ ಮೇಲೆ ಅದನ್ನು ಓದಿ ಹೇಳುವವರೊಬ್ಬರು ಬೇಕು. ಗೋಜಲು ಶುರುವಾಗುವುದು ಇಲ್ಲಿಂದ. ರೋಮಿನಲ್ಲೇ ಇದನ್ನು ಅನುಮಾನಿಸಿದವರಿದ್ದರು. ಸಿಸೆರೊ ಸ್ವತಃ ಶಕುನ ನೋಡುವ ಅಧಿಕೃತ ಮಂಡಳಿಯ ಸದಸ್ಯ. ಆದರೂ ಭವಿಷ್ಯಜ್ಞಾನದ ಬಗ್ಗೆ ಬರೆದ ಪುಸ್ತಕದಲ್ಲಿ ಅವನ ವಾದ ಹೀಗೆ: ಕಾರಣವಿಲ್ಲದೆ ಯಾವುದೂ ನಡೆಯುವುದಿಲ್ಲ, ನಡೆಯಬಲ್ಲದ್ದು ನಡೆದರೆ ಅದು ಶಕುನವಲ್ಲ. ಅಪರೂಪವೇ ಶಕುನದ ಲಕ್ಷಣವಾದರೆ ವಿವೇಕಿಯನ್ನೂ ಶಕುನ ಎನ್ನಬೇಕಾಗುತ್ತದೆ, ಏಕೆಂದರೆ ಹೆತ್ತ ಹೇಸರಗತ್ತೆಗಳು ವಿವೇಕಿಗಳಿಗಿಂತ ಹೆಚ್ಚು ಎಂದು ಆತ ಕುಟುಕುತ್ತಾನೆ.

ಭಯ ಕಡಿಮೆಯಾದ ಮೇಲೆ ಕರುಣೆ ಬರಬೇಕಿತ್ತು. ಬಂದದ್ದು ಮೋಜು. ಒಂದನೇ ಶತಮಾನದಲ್ಲಿ ಹಿರಿಯ ಪ್ಲಿನಿ ಒಂದೇ ವಾಕ್ಯದಲ್ಲಿ ಈ ಬದಲಾವಣೆಯನ್ನು ಹಿಡಿದಿದ್ದಾನೆ: ಗಂಡು ಹೆಣ್ಣು ಎರಡೂ ಲಕ್ಷಣಗಳಿರುವವರನ್ನು ಹಿಂದೆ ಅಪಶಕುನವೆಂದು ಕಾಣುತ್ತಿದ್ದರು, ಈಗ ವಿಲಾಸದ ವಸ್ತುಗಳಂತೆ ಇಟ್ಟುಕೊಳ್ಳುತ್ತಾರೆ. ಪ್ಲುಟಾರ್ಕ್ ಇನ್ನೂ ಮುಂದೆ ಹೋಗಿ ರೋಮಿನಲ್ಲಿ ‘ವಿಚಿತ್ರ ಮನುಷ್ಯರ ಸಂತೆ’ ಇದ್ದುದನ್ನು ಹೇಳುತ್ತಾನೆ. ಮೂರು ಕಣ್ಣಿನವರು ಸಿಗುತ್ತಾರೆಯೇ ಎಂದು ಜನ ಅಲ್ಲಿ ಹುಡುಕುತ್ತಿದ್ದರಂತೆ. ಮೊನ್‌ಸ್ಟ್ರುಮ್ ಎಂಬ ಸೂಚನೆ ಹೀಗೆ ಮೊಸ್ತ್ರ ಎಂಬ ಪ್ರದರ್ಶನವಾಯಿತು. ಕಡಲಿಗೆ ಎಸೆಯುವುದು ನಿಂತು, ಹಣ ಕೊಟ್ಟು ನೋಡುವುದು ಶುರುವಾಯಿತು.

ಇನ್ನು ದೂರದ ಮಾನ್‌ಸ್ಟರುಗಳು. ಇವುಗಳ ವಿಳಾಸ ಬಹುತೇಕ ಭಾರತದ್ದು. ಕ್ರಿ.ಪೂ. 400ರ ಆಸುಪಾಸಿನಲ್ಲಿ ಪರ್ಷಿಯಾದ ಆಸ್ಥಾನದಲ್ಲಿದ್ದ ಗ್ರೀಕ್ ವೈದ್ಯ ಕ್ಟೇಸಿಯಸ್, ಭಾರತಕ್ಕೆ ಕಾಲಿಡದೆಯೇ ‘ಇಂಡಿಕಾ’ ಬರೆದ. ಅದರ ಪ್ರಕಾರ ನಮ್ಮ ಬೆಟ್ಟಗಳಲ್ಲಿ 1,20,000 ನಾಯಿತಲೆಯ ಮನುಷ್ಯರಿದ್ದರು. ಒಂದೇ ಕಾಲಿನವರಿದ್ದರು, ಬಿಸಿಲಾದಾಗ ಮಲಗಿ ಅದೇ ಪಾದವನ್ನು ಕೊಡೆಯಂತೆ ಹಿಡಿಯುತ್ತಿದ್ದರು. ಪಾಟಲಿಪುತ್ರಕ್ಕೆ ನಿಜಕ್ಕೂ ಬಂದಿದ್ದ ಮೆಗಸ್ತನೀಸ್ ಕೂಡ ಗಂಗೆಯ ಮೂಲದ ಬಳಿ ಬಾಯಿಯೇ ಇಲ್ಲದೆ ವಾಸನೆಯಿಂದಲೇ ಬದುಕುವ ಜನರನ್ನು ತನ್ನ ವರದಿಯಲ್ಲಿ ಸೇರಿಸಿದ. ಪ್ಲಿನಿ ಇವೆಲ್ಲವನ್ನೂ ಪಟ್ಟಿ ಮಾಡಿದ. ಮುಂದಿನ ಹದಿನಾಲ್ಕು ಶತಮಾನ ಯುರೋಪು ಆ ಪಟ್ಟಿಯನ್ನು ನಕಲು ಮಾಡಿತು. 1493ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ವಿಶ್ವಚರಿತ್ರೆಯಲ್ಲಿ ಅವರ ಚಿತ್ರಗಳೂ ಇವೆ. ಐದು ವರ್ಷಗಳ ನಂತರ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದಿಳಿದ.

ನಾಯಿತಲೆಯವರು ಸಿಗಲಿಲ್ಲ. ಆದರೆ ನೋಡುವ ಕಣ್ಣು ಅಷ್ಟು ಸುಲಭವಾಗಿ ಬದಲಾಗಲಿಲ್ಲ. 1510ರಲ್ಲಿ ರೋಮಿನಲ್ಲಿ ಪ್ರಕಟವಾದ ಲುಡೊವಿಕೊ ದಿ ವರ್ತೆಮಾನ ಪ್ರವಾಸಕಥನ ಕಲ್ಲಿಕೋಟೆಯ ಅರಸ ಪೂಜಿಸುವ ದೇವರನ್ನು ಕೊಂಬು, ಕೋರೆಹಲ್ಲುಗಳ ಸೈತಾನ ಎಂದು ಬಣ್ಣಿಸಿತು. ಅವನು ಕಂಡದ್ದು ತನ್ನ ಊರಿನ ಇಗರ್ಜಿಯ ಗೋಡೆಯಲ್ಲಿದ್ದ ಸೈತಾನನನ್ನೇ. ಭಾರತದ ಶಿಲ್ಪವನ್ನು ಯುರೋಪು ಹೇಗೆ ನೋಡಿತು ಎಂಬುದರ ಬಗ್ಗೆ ಪಾರ್ಥ ಮಿತ್ತರ್ 1977ರಲ್ಲಿ ಬರೆದ ಪ್ರಸಿದ್ಧ ಪುಸ್ತಕದ ಹೆಸರಿನಲ್ಲೇ, ಬಹಳ ನಿಂದೆಗೆ ಗುರಿಯಾದ ಮಾನ್‌ಸ್ಟರುಗಳು ಎಂಬ ಮಾತಿದೆ. ಇದೇ ದೃಷ್ಟಿ ತುಳುನಾಡಿಗೂ ಬಂತು. ಎ.ಸಿ. ಬರ್ನೆಲ್ ಸಂಗ್ರಹಿಸಿದ ಭೂತಾರಾಧನೆಯ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಅಚ್ಚಾದಾಗ ಅವಕ್ಕಿದ್ದ ಶೀರ್ಷಿಕೆ, ತುಳುವರ ಸೈತಾನ ಪೂಜೆ ಎಂಬರ್ಥದ್ದು. ಊರನ್ನು ಕಾಯುವ, ನ್ಯಾಯ ಹೇಳುವ ದೈವ ಒಂದು ಅನುವಾದದಲ್ಲಿ ಸೈತಾನನಾಗಿಬಿಟ್ಟಿತು.

ಆದರೆ ಇದೇ ಯುರೋಪಿನಲ್ಲಿ ಆಗಸ್ಟೀನನಂಥವರೂ ಇದ್ದರು. ಐದನೇ ಶತಮಾನದ ಆರಂಭದಲ್ಲಿ ಉತ್ತರ ಆಫ್ರಿಕದ ಈ ಬಿಷಪ್, ನಾಯಿತಲೆಯವರು ಇದ್ದಾರೋ ಇಲ್ಲವೋ ನಂಬಲೇಬೇಕೆಂದಿಲ್ಲ ಎಂದ. ಇದ್ದರೂ, ಬುದ್ಧಿಯುಳ್ಳ ಮರ್ತ್ಯ ಜೀವಿಯಾಗಿ ಹುಟ್ಟಿದವನ ರೂಪ, ಬಣ್ಣ, ದನಿ ಹೇಗೇ ಇರಲಿ, ಅವನು ಆದಮನ ಸಂತಾನವೇ ಎಂದು ವಾದಿಸಿದ. ನಾವು ನಿಸರ್ಗಕ್ಕೆ ವಿರುದ್ಧ ಎನ್ನುವುದು ನಮಗೆ ತಿಳಿದಷ್ಟು ನಿಸರ್ಗಕ್ಕೆ ವಿರುದ್ಧ, ಅಷ್ಟೇ. ಇದು ಅವನ ತೀರ್ಮಾನ.

ಅಚ್ಚುಕೂಟ ಬಂದ ಮೇಲೆ ಎಚ್ಚರಿಕೆ ಓದುವುದೇ ದೊಡ್ಡ ವ್ಯಾಪಾರವಾಯಿತು. 1512ರ ಮಾರ್ಚಿನಲ್ಲಿ ಇಟಲಿಯ ರವೆನ್ನಾದಲ್ಲಿ ಒಂದು ವಿಕಾರ ಶಿಶು ಹುಟ್ಟಿದ ಸುದ್ದಿ ಹರಡಿತು. ಫ್ಲಾರೆನ್ಸಿನ ಔಷಧ ವ್ಯಾಪಾರಿ ಲೂಕಾ ಲಾಂಡುಚ್ಚಿ ಅದರ ಚಿತ್ರ ನೋಡಿ ದಿನಚರಿಯಲ್ಲಿ ಬರೆದುಕೊಂಡ: ತಲೆಯ ಮೇಲೊಂದು ಕೊಂಬು, ಬಾವಲಿಯ ರೆಕ್ಕೆ, ಮೊಣಕಾಲಲ್ಲಿ ಕಣ್ಣು. ಏಪ್ರಿಲ್ 11ರಂದು ರವೆನ್ನಾದ ಬಳಿ ಭೀಕರ ಯುದ್ಧ ನಡೆದು ನಗರ ಲೂಟಿಯಾಯಿತು. ಶಿಶು ಏನನ್ನು ಸೂಚಿಸಿತ್ತೆಂಬುದು ಈಗ ಎಲ್ಲರಿಗೂ ‘ಗೊತ್ತಾಯಿತು’. ಮುಂದಿನ ದಶಕಗಳಲ್ಲಿ ಆ ಚಿತ್ರ ಕೈಯಿಂದ ಕೈಗೆ ದಾಟುತ್ತ ಮಾರ್ಪಾಡಾಗುತ್ತಲೇ ಹೋಯಿತು. ನಿಜಕ್ಕೂ ಹುಟ್ಟಿದ ಮಗು ಅದರಡಿಯಲ್ಲಿ ಮರೆಯಾಯಿತು.

1523ರಲ್ಲಿ ಮಾರ್ಟಿನ್ ಲೂಥರ್ ಮತ್ತು ಮೆಲಾಂಕ್‌ಥಾನ್ ಸೇರಿ ಒಂದು ಪುಟ್ಟ ಹೊತ್ತಗೆ ಹೊರತಂದರು. 1496ರಲ್ಲಿ ಟೈಬರ್ ನದಿಯಲ್ಲಿ ಸಿಕ್ಕಿತೆನ್ನಲಾದ ಕತ್ತೆತಲೆಯ ಜೀವಿ ಪೋಪನ ಗುರುತು ಎಂದು ಮೆಲಾಂಕ್‌ಥಾನ್ ಬರೆದರೆ, ಸ್ಯಾಕ್ಸನಿಯ ಫ್ರೈಬರ್ಗಿನಲ್ಲಿ ಹುಟ್ಟಿದ ವಿಕಾರ ಕರು ಕ್ಯಾಥೊಲಿಕ್ ಸನ್ಯಾಸಿಗಳ ಗುರುತು ಎಂದು ಲೂಥರ್ ಬರೆದ. ಕರುವಿನ ಕತ್ತಿನ ಸಡಿಲ ಚರ್ಮ ಅವನಿಗೆ ಸನ್ಯಾಸಿಯ ಮುಸುಕಿನಂತೆ ಕಂಡಿತ್ತು. ಲೂಥರನೂ ಹಿಂದೆ ಸನ್ಯಾಸಿಯೇ ತಾನೆ? ಅವನ ವಿರೋಧಿಗಳು ಅದೇ ಕರುವಿನಲ್ಲಿ ಅವನನ್ನೇ ಕಂಡರು. ಕರು ಒಂದೇ, ಓದು ಎರಡು. ಯಾರಿಗೆ ಯಾರ ಮೇಲೆ ಸಿಟ್ಟಿದೆ ಎಂಬುದನ್ನು ಬಿಟ್ಟು ಅದು ಬೇರೇನನ್ನೂ ಸೂಚಿಸಲಿಲ್ಲ.

1573ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ಆಂಬ್ರೋಯಿಸ್ ಪಾರೆ ಮಾನ್‌ಸ್ಟರುಗಳ ಬಗ್ಗೆ ಲ್ಯಾಟಿನ್ ಬಿಟ್ಟು ಫ್ರೆಂಚಿನಲ್ಲೇ ಬರೆದ. ಅವನ ಕಾರಣಗಳ ಪಟ್ಟಿಯಲ್ಲಿ ದೇವರ ಮಹಿಮೆ, ದೇವರ ಕೋಪ ಮೊದಲು ಬರುತ್ತವೆ. ಆಮೇಲೆ ವೀರ್ಯದ ಹೆಚ್ಚುಕಡಿಮೆ, ಗರ್ಭಕೋಶದ ಇಕ್ಕಟ್ಟು, ಬಸುರಿಗೆ ಬಿದ್ದ ಪೆಟ್ಟು, ಭಿಕ್ಷುಕರ ಮೋಸ. ಮತ್ತೊಂದು, ತಾಯಿಯ ಕಲ್ಪನೆ: ಬಸುರಿ ನೋಡಬಾರದ್ದನ್ನು ನೋಡಿದರೆ ಮಗುವಿಗೆ ಅದರ ಅಚ್ಚು ಬೀಳುತ್ತದೆ ಎಂಬ ನಂಬಿಕೆ. ದೇಹದ ಕಾರಣಗಳನ್ನು ಹುಡುಕಲು ಹೊರಟ ವೈದ್ಯನೂ ತಾಯಿಯನ್ನು ದೂರುವುದನ್ನು ಬಿಡಲಿಲ್ಲ. ಗ್ರಹಣದ ದಿನ ಬಸುರಿಯರನ್ನು ಕೋಣೆಯಲ್ಲಿ ಕೂರಿಸುವ ನಮ್ಮ ಮನೆಗಳಿಗೂ ಇದು ಹೊಸ ಮಾತಲ್ಲ.

ಈ ಗದ್ದಲದ ನಡುವೆ ನನಗೆ ತುಂಬ ಇಷ್ಟವಾಗುವುದು ಮೊಂತೇನ್ 1580ರಲ್ಲಿ ಪ್ರಕಟಿಸಿದ ಪುಟ್ಟ ಪ್ರಬಂಧ. ತಂದೆ, ಚಿಕ್ಕಪ್ಪ, ಚಿಕ್ಕಮ್ಮ ಎಂದು ಹೇಳಿಕೊಂಡ ಮೂವರು ಹದಿನಾಲ್ಕು ತಿಂಗಳ ಮಗುವೊಂದನ್ನು ಕಾಸಿಗಾಗಿ ಊರೂರು ತೋರಿಸುತ್ತಿದ್ದರು. ಮಗುವಿನ ಎದೆಗೆ ಅಂಟಿಕೊಂಡಂತೆ ತಲೆಯಿಲ್ಲದ ಇನ್ನೊಂದು ದೇಹವಿತ್ತು. ಮೊಂತೇನ್ ನೆರೆಮನೆಯ ಮಗುವನ್ನು ನೋಡುವ ಹಾಗೆ ಅದನ್ನು ನೋಡುತ್ತಾನೆ: ಏನು ತಿನ್ನುತ್ತದೆ, ಹೇಗೆ ನಡೆಯುತ್ತದೆ, ಅಳು ಹೇಗಿದೆ. ಆಗ ಫ್ರಾನ್ಸ್ ಧರ್ಮಯುದ್ಧಗಳಲ್ಲಿ ಹರಿದುಹೋಗಿತ್ತು. ಒಂದೇ ತಲೆಯಡಿ ಎರಡು ದೇಹ ಎಂದರೆ ರಾಜನ ಕೆಳಗೆ ದೇಶ ಒಂದಾಗುತ್ತದೆ ಎಂಬ ಶುಭಸೂಚನೆ ಎನ್ನಬಹುದಲ್ಲ ಎಂದು ಅವನಿಗೂ ಹೊಳೆಯುತ್ತದೆ. ಆದರೆ ನಡೆದುಹೋದದ್ದಕ್ಕೆ ಭವಿಷ್ಯ ಹೇಳುವುದೇ ಕ್ಷೇಮ ಎಂದು ನಕ್ಕು ಅದನ್ನು ಅಲ್ಲಿಗೇ ಬಿಡುತ್ತಾನೆ. ನಾವು ಮಾನ್‌ಸ್ಟರ್ ಎನ್ನುವುದು ದೇವರಿಗೆ ಹಾಗೆ ಕಾಣುವುದಿಲ್ಲ, ರೂಢಿಗೆ ವಿರುದ್ಧವಾದುದನ್ನು ನಾವು ನಿಸರ್ಗಕ್ಕೆ ವಿರುದ್ಧ ಎಂದುಬಿಡುತ್ತೇವೆ ಎಂಬ ವಿಚಾರದೊಂದಿಗೆ ಬರಹ ಮುಗಿಯುತ್ತದೆ. ಓದಲು ಸಿಕ್ಕ ಶಕುನವನ್ನು ಓದದೆ ಬಿಡುವುದಕ್ಕೂ ಒಂದು ಸಂಯಮ ಬೇಕು.

ಹತ್ತೊಂಬತ್ತನೇ ಶತಮಾನದಲ್ಲಿ ವಿಜ್ಞಾನ ಈ ಕ್ಷೇತ್ರವನ್ನು ಕೈಗೆತ್ತಿಕೊಂಡಿತು. ಫ್ರಾನ್ಸಿನ ಎತಿಯೆನ್ ಜೊಫ್ರುವಾ ಸೇಂತ್-ಇಲೇರ್ ಕೋಳಿಮೊಟ್ಟೆಗಳ ಕಾವಿನಲ್ಲಿ ಏರುಪೇರು ಮಾಡಿ, ಭ್ರೂಣದ ಬೆಳವಣಿಗೆ ಹಾದಿ ತಪ್ಪುವುದನ್ನು ಪರೀಕ್ಷಿಸಿದ. ಅವನ ಮಗ ಇಸಿದೋರ್ 1830ರ ದಶಕದಲ್ಲಿ ಈ ಅಧ್ಯಯನಕ್ಕೆ ‘ಟೆರಟಾಲಜಿ’ ಎಂದು ಹೆಸರಿಟ್ಟ. ಗ್ರೀಕರ ಆ ‘ತೆರಸ್’ ಎಂಬ ಸೂಚನೆ ಪ್ರಯೋಗಾಲಯದೊಳಗೆ ಬಂದು ಕೂತಿತು. ವಿಕಾರ ಜನನ ದೇವರ ಕೋಪವಲ್ಲ, ತಾಯಿಯ ಪಾಪವಲ್ಲ, ಸಹಜ ನಿಯಮಗಳಿಗೇ ಒಳಪಟ್ಟದ್ದು ಎಂಬುದು ಅವರ ನಿಲುವು. ಇನ್ನು ಮೇಲೆ ಮಾನ್‌ಸ್ಟರ್ ಏನನ್ನೂ ಹೇಳುವುದಿಲ್ಲ ಎಂಬಂತಾಯಿತು.

ಅದು ನಿಜವಾಗಲಿಲ್ಲ. 1957ರಲ್ಲಿ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೊಮೈಡ್ ಎಂಬ ನಿದ್ರೆಮಾತ್ರೆ ಮಾರುಕಟ್ಟೆಗೆ ಬಂತು. ತೀರಾ ನಿರಪಾಯಕಾರಿ ಎಂಬ ಜಾಹೀರಾತು ನಂಬಿ ಬಸುರಿಯರು ವಾಕರಿಕೆಗೂ ಅದನ್ನು ನುಂಗಿದರು. ಕೈಕಾಲು ಬೆಳೆಯದ ಮಕ್ಕಳು ಹುಟ್ಟತೊಡಗಿದವು. ಹ್ಯಾಂಬರ್ಗಿನ ಮಕ್ಕಳ ವೈದ್ಯ ವಿಡುಕಿಂಡ್ ಲೆಂಟ್ಸ್ ಮನೆಮನೆಗೆ ಹೋಗಿ ತಾಯಂದಿರನ್ನು ಕೇಳಿದ: ಬಸುರಿನಲ್ಲಿ ಏನೇನು ಔಷಧ ತೆಗೆದುಕೊಂಡಿರಿ? ಆಸ್ಟ್ರೇಲಿಯದ ವಿಲಿಯಂ ಮೆಕ್‌ಬ್ರೈಡ್ ಕೂಡ ಅದೇ ಮಾತ್ರೆಯತ್ತ ಬೆರಳು ತೋರಿದ. 1961ರ ನವೆಂಬರಿನಲ್ಲಿ ಜರ್ಮನಿಯ ಅಂಗಡಿಗಳಿಂದ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಜಗತ್ತಿನಾದ್ಯಂತ ಸಾವಿರಾರು ಮಕ್ಕಳು ಬಲಿಯಾಗಿದ್ದರು. ಈ ಮಕ್ಕಳ ದೇಹ ನಿಜಕ್ಕೂ ಎಚ್ಚರಿಕೆಯಾಗಿತ್ತು. ಆದರೆ ಆ ಎಚ್ಚರಿಕೆ ಮಗುವಿನ ಬಗ್ಗೆಯೂ ಅಲ್ಲ, ತಾಯಿಯ ಬಗ್ಗೆಯೂ ಅಲ್ಲ. ಔಷಧ ತಯಾರಿಸಿದವರ, ಪರೀಕ್ಷಿಸದೆ ಮಾರಿದವರ ಬಗ್ಗೆ.

ಕಾಸರಗೋಡಿನ ಕನ್ನಡ, ತುಳು ಮಾತಾಡುವ ಹಳ್ಳಿಗಳಿಗೆ ಈ ಪಾಠವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿನ ಗೇರು ತೋಟಗಳ ಮೇಲೆ ಸುಮಾರು ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆಯ ಸುತ್ತ ಅಂಗವೈಕಲ್ಯದ ಮಕ್ಕಳು ಹುಟ್ಟಿದಾಗ, ದೈವದ ಮುನಿಸು ಎಂದುಕೊಂಡವರೂ ಇದ್ದರು. ಪ್ರಶ್ನೆಯನ್ನು ತೋಟದ ಕಡೆ ತಿರುಗಿಸಿದ್ದು ಸ್ಥಳೀಯ ವೈದ್ಯರು, ಪತ್ರಕರ್ತರು, ತಾಯಂದಿರು. ಯಾವ ಕಾಯಿಲೆಗೆ ಈ ವಿಷ ಎಷ್ಟರ ಮಟ್ಟಿಗೆ ಕಾರಣ ಎಂಬ ವಾದ ವಿಜ್ಞಾನಿಗಳ ನಡುವೆ ಮುಂದುವರಿದಿದೆ. ಆದರೂ 2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ನಿಷೇಧಿಸಿತು; 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಕೇರಳ ಸರ್ಕಾರಕ್ಕೆ ಆದೇಶಿಸಿತು.

ಇದರಲ್ಲೂ ಒಂದು ಮುಳ್ಳಿದೆ. ಆ ಮಕ್ಕಳ ಚಿತ್ರಗಳು ಪತ್ರಿಕೆಗಳಲ್ಲಿ ಬಾರದೆ ಇದ್ದಿದ್ದರೆ ದಿಲ್ಲಿಯವರೆಗೆ ದನಿ ಮುಟ್ಟುತ್ತಿತ್ತೆಂದು ಹೇಳುವುದು ಕಷ್ಟ. ಚಿತ್ರ ಬಂದ ಕೂಡಲೇ ಮಗು ಮತ್ತೆ ತೋರಿಸುವ ವಸ್ತುವಾಯಿತು. ಮೊನ್‌ಸ್ಟ್ರುಮ್ ಮತ್ತು ಮೊನ್‌ಸ್ಟ್ರಾರೆಯ ನಂಟು ಎರಡು ಸಾವಿರ ವರ್ಷಗಳ ನಂತರವೂ ಬಿಟ್ಟಿಲ್ಲ: ಎಚ್ಚರಿಸಬೇಕಾದರೆ ತೋರಿಸಬೇಕು, ತೋರಿಸಿದರೆ ಸಂತೆಯಾಗುವ ಭಯ. ಇದಕ್ಕೆ ಸುಲಭದ ಪರಿಹಾರವಿಲ್ಲ. ಮಗುವಿಗೊಂದು ಹೆಸರಿದೆ, ಅದು ಏನು ತಿನ್ನುತ್ತದೆ, ಹೇಗೆ ಅಳುತ್ತದೆ ಎಂಬುದೂ ಅದರ ಕಥೆಯ ಭಾಗ ಎಂದು ನೆನಪಿಟ್ಟುಕೊಂಡರೆ ಅಷ್ಟರ ಮಟ್ಟಿಗೆ ಒಳ್ಳೆಯದು.

ಕ್ರಿ.ಪೂ. 207ರ ಆ ವರ್ಷದ ವೃತ್ತಾಂತದಲ್ಲಿ ಲಿವಿ ಬೇಕಾದಷ್ಟು ವಿವರ ಕೊಟ್ಟಿದ್ದಾನೆ. ಯಾವ ದೇವಾಲಯಕ್ಕೆ ಸಿಡಿಲು ಬಡಿಯಿತು, ಮೆರವಣಿಗೆ ಯಾವ ಬೀದಿಯಲ್ಲಿ ಸಾಗಿತು, ಹಾಡು ಬರೆದ ಕವಿ ಯಾರು ಎಂಬುದೆಲ್ಲ ಇದೆ. ಪೆಟ್ಟಿಗೆಯಲ್ಲಿಟ್ಟ ಮಗುವಿನ ಹೆಸರಿಲ್ಲ, ಅದನ್ನು ಹೆತ್ತವಳ ಹೆಸರೂ ಇಲ್ಲ.